ಫ್ಯಾನ್ಸ್‌ಗೆ ವಿದಾಯ ಹೇಳೋ ಮೊದ್ಲು ಡ್ರಮ್ಮರ್ ಹತ್ರ ಮಾತಾಡಿದ್ರಾ?

ಈ ಕೇಸ್ ಬಗ್ಗೆ ಬರೀಲಿಕ್ಕೆ ಕಾರಣ ಇಷ್ಟೇ, ಇದೇ ಸಂಗತಿ ಬೇರೆ ಬೇರೆ ವೇಷ ಹಾಕ್ಕೊಂಡು ಕೌನ್ಸೆಲರ್ ಆದ ನನ್ನ ಹತ್ರ ಬರ್ತಾನೇ ಇರ್ತದೆ. ಒಂದ್ಸಲ ಹವ್ಯಾಸಿ ಯಕ್ಷಗಾನ ಸಂಘ, ಒಂದ್ಸಲ ನಾಟಕ ತಂಡ, ಮತ್ತೊಮ್ಮೆ ಊರಿನ ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್ಬು. ಇನ್ನು ಸಾಕು ಅಂತ ಒಳಗೊಳಗೆ ಎಲ್ಲರಿಗೂ ಗೊತ್ತುಂಟು, ಬಾಯಿ ಬಿಟ್ಟು ಹೇಳುವವರಿಲ್ಲ, ಕಡೆಗೆ ಅವರಲ್ಲಿ ಒಬ್ಬ ನಿದ್ದೆ ಇಲ್ಲದೆ ನನ್ನೆದುರು ಬಂದು ಕೂತ್ಕೊಳ್ತಾನೆ. ಈ ಸಲ ಬಂದದ್ದು ಒಂದು ಬ್ಯಾಂಡಿನವರು. ಹೆಸ್ರು, ಊರು, ಗುರ್ತು ಸಿಗುವಂಥದ್ದೆಲ್ಲ ಬದಲಿಸಿದ್ದೇನೆ, ಬರೀಲಿಕ್ಕೆ ಇಬ್ಬರ ಒಪ್ಪಿಗೆಯೂ ಉಂಟು.

ಸುರೇಶ ಅಂತ ಇಟ್ಕೊಳ್ಳುವ. ಮೂವತ್ತೈದರ ಆಸುಪಾಸು, ಕಾಸರಗೋಡಿನ ಬದಿಯಡ್ಕ ಕಡೆ ಕನ್ನಡ ಮೀಡಿಯಂ ಶಾಲೆಯಲ್ಲಿ ಮಾಷ್ಟ್ರು, ಬ್ಯಾಂಡಲ್ಲಿ ಗಿಟಾರು ಮತ್ತು ಹಾಡು. ರೂಟ್ಸ್ ರಾಕ್ ಅಂತಾರಲ್ಲ, ಬ್ಲೂಸು ಕಂಟ್ರಿ ಜಾನಪದ ಅಂತ ಬೇರಿನ ಕಡೆ ಹೋಗಿ ನುಡಿಸುವ ರಾಕು, ಇವರದ್ದು ಅದಕ್ಕೆ ನಮ್ಮ ತುಳು ಜನಪದ ಹಾಡು ಪಾಡ್ದನದ ಧಾಟಿ, ದೈವದ ಕುಣಿತ ತೆಯ್ಯದ ಚೆಂಡೆಯ ಪೆಟ್ಟು ಎಲ್ಲ ಸೇರಿಸಿ, ಕನ್ನಡ ತುಳು ಎರಡರಲ್ಲೂ, ನಡುವೆ ಮಲಯಾಳದ ನಾಲ್ಕು ಸಾಲು. ಕಂಪನಿ ಇಲ್ಲ ಲೇಬಲ್ ಇಲ್ಲ, ರೆಕಾರ್ಡಿಂಗ್‌ಗೂ ಕೈಯಿಂದ್ಲೇ ದುಡ್ಡು. ಮಂಗಳೂರಲ್ಲಿ ಶೋ ಮುಗಿಸಿ ರಾತ್ರಿ ತಲಪಾಡಿಯ ಗಡಿ ದಾಟಿ ಬಂದು ಬೆಳಿಗ್ಗೆ ಶಾಲೆಗೆ ಹೋಗುವ ಬದುಕು. ಬೇಸ್ ನುಡಿಸುವವ ಬೆಂಗಳೂರಿಗೆ ಹೋಗಿ ಆಯ್ತು, ಡ್ರಮ್ಮರ್‌ಗೆ ಗಲ್ಫ್ ವೀಸಾ ಬಂತು, ಬ್ಯಾಂಡ್ ಮುಗೀತು ಅಂತ ನಾಲ್ಕು ಜನರಿಗೂ ಗೊತ್ತು.

ಸುರೇಶ ಬಂದದ್ದು ನಿದ್ದೆ ಬರೋದಿಲ್ಲ, ಮನೆಯಲ್ಲಿ ಎಲ್ಲರ ಮೇಲೆ ಸಿಡಿಮಿಡಿ ಆಗ್ತದೆ ಅಂತ. ವಿಷಯ ಕೆದಕಿದಾಗ ಹೊರಗೆ ಬಂದದ್ದು, ಫ್ಯಾನ್ಸ್‌ಗೆ ವಿದಾಯದ ಪೋಸ್ಟ್ ಬರೀಬೇಕು, ಬರೀತಾರೆ, ಅಳಿಸ್ತಾರೆ, ಪುನಃ ಬರೀತಾರೆ, ಅಷ್ಟರಲ್ಲಿ ರಾತ್ರಿ ಎರಡು ಗಂಟೆ. ಮೊದಲ ಸೆಶನ್ನು ಇದರಲ್ಲೇ ಹೋಯ್ತು. ಹೋಗುವಾಗ ನಾನು, ಮುಂದಿನ ಸಲ ಬರುವಾಗ ಆ ಬರಹ ತನ್ನಿ, ನಂಗೆ ಓದಿ ಹೇಳಿ ಅಂದೆ.

ಫೋನಿನ ನೋಟ್ಸಲ್ಲಿ ಇತ್ತು, ಉದ್ದದ ಬರಹ. ಓದಿದ್ರು. ಚೆನ್ನಾಗಿತ್ತು ಸುಳ್ಳಲ್ಲ, ಅಡಿಕೆ ಗೋಣಿಗಳ ನಡುವೆ ಪ್ರಾಕ್ಟೀಸಿಗೆ ಜಾಗ ಕೊಟ್ಟ ಧಣಿಗಳಿಗೆ ಥ್ಯಾಂಕ್ಸು, ಸೌಂಡಿನ ಹುಡುಗನಿಗೆ ಥ್ಯಾಂಕ್ಸು, ಕಾಞಂಗಾಡಿಂದ ಮಳೆಯಲ್ಲಿ ಬೈಕಲ್ಲಿ ಬರ್ತಿದ್ದ ಇಬ್ಬರು ಹುಡುಗಿಯರಿಗೆ ಥ್ಯಾಂಕ್ಸು. ನಿಧಾನಕ್ಕೆ ಓದ್ತಾ ಇದ್ದ ಮನುಷ್ಯ ಒಂದೇ ಒಂದು ಸಾಲನ್ನ ಮಾತ್ರ ಬಸ್ಸು ತಪ್ಪಿ ಹೋಗ್ತದೆ ಅನ್ನುವ ಸ್ಪೀಡಲ್ಲಿ ಓದಿ ದಾಟಿದ್ರು. ನಾನು ಪುನಃ ಓದಿ ಅಂದೆ. "ನಮ್ಮಲ್ಲಿ ಕೆಲವರ ಬದುಕಿನ ಆದ್ಯತೆಗಳು ಬದಲಾದವು, ಅದನ್ನು ನಾವು ಗೌರವಿಸುತ್ತೇವೆ."

"ಕೆಲವರು ಅಂದ್ರೆ ಎಷ್ಟು ಜನ?"

"ಒಬ್ಬ."

"ಅವ ಇದನ್ನ ಓದಿದ್ದಾನಾ?"

"ಪೋಸ್ಟ್ ಮಾಡಿದ್ಮೇಲೆ ಓದ್ತಾನಲ್ಲ ಮೇಡಂ."

ನಾನು ಏನೂ ಹೇಳ್ಲಿಲ್ಲ, ಅವನನ್ನ ಕರ್ಕೊಂಡು ಬರ್ಲಿಕ್ಕೆ ಆಗ್ತದಾ ಅಂತ ಮಾತ್ರ ಕೇಳಿದೆ. ಬರೋದಿಲ್ಲ ಅಂದ್ರು. ಬಂದ. ಪ್ರವೀಣ ಅನ್ನುವ, ಗಲ್ಫಿಗೆ ಹೊರಟ ಡ್ರಮ್ಮರ್ ಇವನೇ, ಸುರೇಶನಿಗಿಂತ ಐದಾರು ವರ್ಷ ಚಿಕ್ಕವ, ಮಾತು ಕಮ್ಮಿ, ಕೂತಲ್ಲೇ ಎರಡು ಬೆರಳಲ್ಲಿ ಮೊಣಕಾಲಿನ ಮೇಲೆ ತಾಳ ಹಾಕ್ತಾ ಇರುವ ಜನ.

ಅವನೆದುರೇ ಓದ್ಲಿಕ್ಕೆ ಹೇಳಿದೆ. ಸುರೇಶ ಓದಿದ್ರು, ಆ ಸಾಲೂ ಓದಿದ್ರು, ಈ ಸಲ ಓಡ್ಲಿಕ್ಕೆ ದಾರಿ ಇರ್ಲಿಲ್ಲ. ಮೊಣಕಾಲಿನ ತಾಳ ನಿಂತಿತು. ಪ್ರವೀಣ ತುಳುವಲ್ಲೇ ಹೇಳಿದ, ನಾನು ಕನ್ನಡದಲ್ಲಿ ಬರೀತೇನೆ: "ಅಣ್ಣಾ, ಹೋಗ್ಲಿಕ್ಕೆ ಒಪ್ಪಿಗೆ ನಾನು ನಿನ್ನ ಹತ್ರ ಕೇಳಿದ್ದು. ನೀನು ಉತ್ತರ ಫ್ಯಾನ್ಸ್‌ಗೆ ಕೊಡ್ತಾ ಇದ್ದೀಯಲ್ಲ."

ಸುರೇಶ ಬಾಯಿ ತೆರೆದ್ರು, ಮಾತು ಬರ್ಲಿಲ್ಲ. ಇಂಥ ಹೊತ್ತಲ್ಲಿ ಕೌನ್ಸೆಲರ್ ಸುಮ್ನಿರಬೇಕು ಅಂತ ಪುಸ್ತಕ ಹೇಳ್ತದೆ. ಆದ್ರೆ ಸಂಘ-ತಂಡಗಳ ಜಗಳದಲ್ಲಿ ನಾನು ಕೇಳ್ದೆ ಬಿಡದ ಒಂದು ಪ್ರಶ್ನೆ ಉಂಟು, ಕೇಳಿದೆ. ಬ್ಯಾಂಡಿನ ಸಾಲ ಎಷ್ಟುಂಟು?

"ಸಾಲ ಎಂತದ್ದೂ ಇಲ್ಲ ಮೇಡಂ," ಅಂದ್ರು ಸುರೇಶ.

ಪ್ರವೀಣ ಫ್ಯಾನು ನೋಡ್ತಾ, "ಅಮ್ಮನ ಸರ ಉಂಟು."

"ಅದು ಬಿಡಿಸಿ ಆಯ್ತಲ್ಲ ಮಾರಾಯ?"

"ಇಲ್ಲ. ಬಡ್ಡಿ ಕಟ್ಟಿ ಕಟ್ಟಿ ರಿನ್ಯೂ ಮಾಡ್ತಾ ಇದ್ದೇನೆ."

ಆಲ್ಬಮ್ ರೆಕಾರ್ಡಿಂಗಿಗೆ ದುಡ್ಡು ಸಾಲದೆ ಬಂದಾಗ ಅಮ್ಮನ ಸರ ಸೊಸೈಟಿಯಲ್ಲಿ ಅಡವಿಟ್ಟದ್ದು. ಸುರೇಶನಿಗೆ ಗೊತ್ತಿಲ್ಲದ ವಿಷಯ ಅಲ್ಲ, ಇಡುವಾಗ ಜೊತೆಗೇ ಹೋಗಿದ್ದರಂತೆ. ಮತ್ತೆ ಒಂದು ಸಲವೂ ಕೇಳ್ಲಿಲ್ಲ ಅಷ್ಟೇ. "ನಂಗೆ ಹೇಳ್ಬಹುದಿತ್ತಲ್ಲ ನೀನು" ಅಂದ್ರೆ ಇವ, "ಹೇಳಿದ್ರೆ ನೀನು ಬ್ಯಾಂಡ್ ನಿಲ್ಲಿಸ್ತಿದ್ದಿ" ಅಂದ. ಆದ್ಯತೆ ಬದಲಾದವ ಇವ.

ಅವತ್ತು ನಾನು ಕೊಟ್ಟ ಸಲಹೆ ಹೇಳ್ತೇನೆ. ಪೋಸ್ಟ್ ಎಲ್ಲಕ್ಕಿಂತ ಕಡೆಗೆ. ಮೊದ್ಲು ನಾಲ್ಕೂ ಜನ ಒಂದು ಕಡೆ ಕೂತು ಲೆಕ್ಕ ಮಾಡಿ, ಕೊನೆ ಶೋ ಒಂದು ಮಾಡೋದಾದ್ರೆ ಅದರ ಟಿಕೆಟು, ಟೀ ಶರ್ಟಿನ ದುಡ್ಡಲ್ಲಿ ಮೊದ್ಲು ಬಿಡಿಸೋದು ಆ ಸರ, ಮತ್ತೆ ಬಾಕಿದ್ದು. ಆಂಪ್ಲಿಫೈಯರ್ ಯಾರಿಗೆ, ಪೇಜಿನ ಪಾಸ್‌ವರ್ಡ್ ಯಾರ ಹತ್ರ, ಯಾವ ಹಾಡಿನ ಸಾಹಿತ್ಯ ಯಾರದ್ದು ಸಂಗೀತ ಯಾರದ್ದು, ಬರುವ ಅಲ್ಪಸ್ವಲ್ಪದಲ್ಲಿ ಪಾಲು ಹೇಗೆ, ಎಲ್ಲ ಒಂದು ಕಾಗದದಲ್ಲಿ ಬರೆದು ನಾಲ್ಕೂ ಜನ ಸೈನ್ ಹಾಕಿ. ಚಿಲ್ಲರೆ ದುಡ್ಡಿಗೆ ಇದೆಲ್ಲ ಯಾಕೆ ಅಂದ್ರು ಸುರೇಶ. ನಮ್ಮ ಕಾನೂನಲ್ಲಿ ಹಾಡು ಕಟ್ಟಿದವ ತೀರಿದ ಮೇಲೂ 60 ವರ್ಷ ಕಾಪಿರೈಟ್ ಇರ್ತದೆ, ಇವತ್ತು ನೀವು ನಾಚಿಕೆಗೆ ಮಾತಾಡದ್ದನ್ನ ನಾಳೆ ನಿಮ್ಮ ಮಕ್ಕಳು ಜಗಳ ಮಾಡಿ ಮಾತಾಡ್ತಾರೆ ಅಂದೆ.

ಇದು ವಕೀಲರ ಕೆಲಸ, ಕೌನ್ಸೆಲಿಂಗ್ ಅಲ್ಲ ಅಂತ ನಮ್ಮ ಫೀಲ್ಡಿನವರೇ ನಂಗೆ ಹೇಳಿದ್ದುಂಟು. ನಾನು ಒಪ್ಪೋದಿಲ್ಲ. ದುಡ್ಡಿನ ಲೆಕ್ಕ ಬಾಕಿ ಇಟ್ಟು ಭಾವನೆ ಹಂಚ್ಕೊಳ್ಳಿ ಅಂದ್ರೆ ಅವರು ಹಂಚ್ಕೊಳ್ಳುವ ಭಾವನೆ ಎಲ್ಲ ಸುತ್ತಿ ಬಳಸಿ ಆ ಲೆಕ್ಕಕ್ಕೇ ಬಂದು ನಿಲ್ತದೆ, ಹೆಸರು ಮಾತ್ರ ಬೇರೆ ಇರ್ತದೆ, ಆದ್ಯತೆ, ಕಮಿಟ್‌ಮೆಂಟ್, ಡೆಡಿಕೇಶನ್ ಅಂತೆಲ್ಲ.

ಸುರೇಶ ಒಂದು ಹಂತದಲ್ಲಿ ದಿ ಬ್ಯಾಂಡ್ ಅಂತ್ಲೇ ಹೆಸರಿದ್ದ ವಿದೇಶದ ರಾಕ್ ತಂಡದ ಕಥೆ ತೆಗೆದ್ರು. ರೂಟ್ಸ್ ರಾಕಿನವರಿಗೆ ಅವರು ಕುಲದೇವರ ಹಾಗೆ ಅಂತ ನಂಗೆ ಆಮೇಲೆ ಗೊತ್ತಾದದ್ದು. 1976ರ ನವೆಂಬರ್ 25ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭಾರೀ ವಿದಾಯದ ಶೋ ಮಾಡಿದ್ರು, ಹಾಲಿವುಡ್ ನಿರ್ದೇಶಕ ಸ್ಕಾರ್ಸೆಸಿ ಅದನ್ನ ಸಿನಿಮಾ ಮಾಡಿದ, 1983ರಲ್ಲಿ ಪುನಃ ಸ್ಟೇಜ್ ಹತ್ತಿದ್ರು, ಹಾಗಾಗಿ ನಾವೂ ಮುಗೀತು ಅನ್ನೋದು ಬೇಡ, ಬ್ರೇಕ್ ಅನ್ನುವ ಅಂತ ಅವರ ವಾದ. ಮನೆಗೆ ಹೋಗಿ ಓದಿ ನೋಡಿದೆ. ಪುನಃ ಸೇರಿದ್ದು ಹೌದು, ಗಿಟಾರಿಸ್ಟ್ ರಾಬಿ ರಾಬರ್ಟ್‌ಸನ್ ಸೇರ್ಲಿಲ್ಲ. ಡ್ರಮ್ಮರ್ ಲೆವಾನ್ ಹೆಲ್ಮ್‌ಗೆ ಹಾಡಿನ ಕ್ರೆಡಿಟ್ ಎಲ್ಲ ರಾಬರ್ಟ್‌ಸನ್‌ಗೇ ಹೋಯ್ತು ಅಂತ ಅವನ ಮೇಲಿದ್ದ ಕಹಿ ವರ್ಷಗಟ್ಟಲೆ ಹೋಗ್ಲೂ ಇಲ್ಲ. ಅಂಥ ದೊಡ್ಡ ಫೇರ್‌ವೆಲ್ ಮಾಡಿದ್ರೂ ಗಿಟಾರಿಗೂ ಡ್ರಮ್ಮಿಗೂ ನಡುವಿನ ಲೆಕ್ಕ ಹಾಗೇ ಉಳಿದಿತ್ತು. ಮುಂದಿನ ಸಲ ಬಂದಾಗ ಅದನ್ನೇ ಹೇಳಿದೆ, ಸುರೇಶ ನಗಾಡಿದ್ರು, ಆ ಕೋಣೆಯಲ್ಲಿ ಅವರು ನಕ್ಕದ್ದು ನಾನು ನೋಡಿದ್ದು ಅದೇ ಮೊದ್ಲು.

ಬ್ರೇಕ್ ಅನ್ನೋದಕ್ಕೆ ನಾನು ಯಾಕೆ ವಿರೋಧ ಅಂತ ಹೇಳ್ಲಿಕ್ಕೇ ಬೇಕು. ಪತ್ತನಾಜೆ ನೋಡಿ. ತುಳುವರ ಬೇಶ ತಿಂಗಳ ಹತ್ತಕ್ಕೆ, ಮೇ 24ರ ಆಸುಪಾಸು, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ತಾರೆ, ದೈವಗಳ ಕೋಲ ನೇಮ ಉತ್ಸವ ಎಲ್ಲ ಅಲ್ಲಿಗೆ ನಿಲ್ತದೆ. ಕಲಾವಿದ ಬೇರೆ ಮೇಳಕ್ಕೆ ಹೋಗೋದಿದ್ರೂ ಅದು ಆದ್ಮೇಲೆ ಹೋಗ್ತಾನೆ, ಯಾರೂ ದ್ರೋಹಿ ಅನ್ನೋದಿಲ್ಲ. ದಿನ ಮೊದ್ಲೇ ಗೊತ್ತಿರ್ತದೆ ಅಲ್ವಾ, ಅದಕ್ಕೆ. ಬ್ಯಾಂಡಿಗೆ ಪತ್ತನಾಜೆ ಅಂತ ಒಂದು ಇಲ್ಲ, ಅವರವರೇ ಗೊತ್ತು ಮಾಡ್ಕೊಳ್ಬೇಕು. ಬ್ರೇಕ್ ಅಂತ ಬರೆದ್ರೆ ಪ್ರವೀಣ ಶಾರ್ಜಾದಲ್ಲಿ ಕೂತ್ಕೊಂಡೂ ಯಾವಾಗ ಬರೋದು ಅನ್ನುವ ಪ್ರಶ್ನೆಗೆ ಉತ್ತರ ಕೊಡ್ತಾ ಇರಬೇಕು, ಬ್ಯಾಂಡ್ ಹಾಳಾದದ್ದು ಅವನಿಂದ ಅಂತ ಎಲ್ಲರೂ ತಿಳ್ಕೊಳ್ತಾರೆ. ಸುರೇಶ, ಯಕ್ಷಗಾನ ನವೆಂಬರಲ್ಲಿ ಪುನಃ ಶುರು ಆಗ್ತದಲ್ಲ ಮೇಡಂ ಅಂತ ತಿರುಗೇಟು ಕೊಟ್ರು, ಮಾಷ್ಟ್ರಲ್ವಾ. ನಿಮ್ಮದೂ ಶುರು ಆಗ್ಲಿ, ಆಗ ಹೊಸ ಪೋಸ್ಟ್ ಹಾಕಿ ಅಂದೆ.

ಇನ್ನು ಫ್ಯಾನ್ಸ್. ಅವರ ದುಃಖವನ್ನ ನಾನು ತಮಾಷೆ ಮಾಡೋದಿಲ್ಲ. ಪರಿಚಯವೇ ಇಲ್ಲದ ಕಲಾವಿದರ ಮೇಲೆ ಬೆಳೆಯುವ ಈ ಸಂಬಂಧಕ್ಕೆ ಪ್ಯಾರಾಸೋಶಿಯಲ್ ಅಂತ ಹಾರ್ಟನ್ ಮತ್ತು ವೋಲ್ ಹೆಸರಿಟ್ಟದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ, ಹಾಗಾಗಿ ಇಸವಿ ನಂಗೆ ಮರೆಯೋದಿಲ್ಲ. ಕಾಲೇಜಿನ ಹುಡುಗಿಗೆ ಅಪ್ಪ ತೀರಿದ ವರ್ಷ ಇವರ ಒಂದು ಹಾಡು ಆಸರೆ ಆಗಿದ್ರೆ ಅದು ನಿಜವಾದ ಸಂಬಂಧವೇ. ಅವಳಿಗೆ ಒಂದು ದಿನಾಂಕ, ಒಂದು ಥ್ಯಾಂಕ್ಸು, ಹಾಡುಗಳು ಎಲ್ಲಿ ಸಿಗ್ತವೆ ಅನ್ನೋದು, ಅಷ್ಟು ಕೊಡ್ಬೇಕು. ಬ್ಯಾಂಡಿನ ಒಳಗಿನ ವಿವರ ಕೊಡ್ಬೇಕಾಗಿಲ್ಲ.

ನಂಗೆ ನಿಜವಾಗಿ ಸಿಟ್ಟು ಬಂದದ್ದು ಬೇರೆ ಒಂದು ವಿಷಯಕ್ಕೆ. ಸುದ್ದಿ ಅಲ್ಪಸ್ವಲ್ಪ ಹೊರಗೆ ಹೋದಾಗ ಊರಿನ ಹಿರಿಯರು ಕೆಲವರು ಸುರೇಶನಿಗೆ ಫೋನ್ ಮಾಡಿ, ಗಡಿನಾಡಲ್ಲಿ ಕನ್ನಡ ಉಳಿಸ್ಲಿಕ್ಕೆ ನೀವಾದ್ರೂ ಇದ್ರಿ, ನೀವೇ ಬಿಟ್ರೆ ಹೇಗೆ ಅಂದಿದ್ರಂತೆ. ಪ್ರೀತಿಯಿಂದಲೇ ಹೇಳಿದ್ದು, ನಂಗೂ ಗೊತ್ತುಂಟು, ನಾನೂ ನಮ್ಮೂರ ಕಡೆಯ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಪದ್ಯ ಕೇಳ್ಕೊಂಡೇ ದೊಡ್ಡವಳಾದದ್ದು. ಆದ್ರೆ ಕಾಸರಗೋಡಲ್ಲಿ ಚಂದ್ರಗಿರಿ ಹೊಳೆಯಿಂದ ಉತ್ತರದ್ದು ಕರ್ನಾಟಕಕ್ಕೆ ಸೇರ್ಬೇಕು ಅಂತ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಇವತ್ತಿನವರೆಗೆ ಎಂತದ್ದೂ ಆಗ್ಲಿಲ್ಲ, ಸರಕಾರಗಳಿಂದ ಆಗದ್ದನ್ನ ಸಂಬಳಕ್ಕೂ ಸಾಲಕ್ಕೂ ನಡುವೆ ಏಗ್ತಾ ಇರುವ ನಾಲ್ಕು ಜನರ ಹೆಗಲಿಗೆ ಹಾಕೋದು ಯಾವ ನ್ಯಾಯ? ಸುರೇಶ ರಾತ್ರಿ ಎರಡು ಗಂಟೆಗೆ ಅಳಿಸಿ ಅಳಿಸಿ ಬರೀತಾ ಇದ್ದದ್ದರಲ್ಲಿ ಅರ್ಧ ಈ ಫೋನುಗಳಿಗೆ ಉತ್ತರ. ಹಾಗೆ ಫೋನ್ ಮಾಡುವವರು ಇದನ್ನ ಓದ್ತಾ ಇದ್ರೆ ಒಂದು ಮಾತು, ಬ್ಯಾಂಡ್ ನಡೀತಾ ಇರುವಾಗ ಟಿಕೆಟ್ ತಗೊಂಡು ಹೋಗಿದ್ರಾ? ಶೋಗಳಲ್ಲಿ ಊರಿನವರಿಗಿಂತ ಕೊಚ್ಚಿಯವರೇ ಹೆಚ್ಚು ಇರ್ತಿದ್ರು ಅಂತ ಪ್ರವೀಣ ಹೇಳಿದ್ದ, ಬೇಜಾರು ಕೂಡ ಇರ್ಲಿಲ್ಲ ಅವನ ದನಿಯಲ್ಲಿ. ಸುರೇಶನಿಗೆ ಹೇಳಿದೆ, ಆ ಫೋನು ಬಂದ್ರೆ "ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸ್ತಾ ಇದ್ದೇನಲ್ಲ" ಅಂತ ಹೇಳಿ ಇಡಿ, ಹೆಚ್ಚು ವಿವರಣೆ ಬೇಡ.

ಪೋಸ್ಟ್ ಕಡೆಗೆ ಬಂದದ್ದು ಐದು ಸಾಲಿಗೆ. ನಾಲ್ಕೂ ಜನರ ಹೆಸರು, ಕೊನೆ ಶೋದ ದಿನ, ಹಾಡುಗಳು ಇದ್ದಲ್ಲೇ ಇರ್ತವೆ, ಬ್ಯಾಂಡ್ ಇಲ್ಲಿಗೆ ಮುಗೀತದೆ, ಬಂದದ್ದಕ್ಕೆ ಥ್ಯಾಂಕ್ಸ್. ಕಾರಣ ಬರೀಲಿಲ್ಲ. ಕಮೆಂಟ್ ನೋಡುವ ಕೆಲಸ ಒಂದು ವಾರ ಸುರೇಶನ ಹೆಂಡತಿಗೆ, ಫೋನಿಂದ ಆ್ಯಪ್ ಡಿಲೀಟ್, ಇದು ನಾನು ಸ್ವಲ್ಪ ಒತ್ತಾಯದಿಂದಲೇ ಮಾಡಿಸಿದ್ದು. ಬ್ಯಾಂಡ್ ಅಂದ್ರೆ ಮೋಸ, ದುಡ್ಡಿಗೆ ಹೋದ್ರು ಅಂತ ಬರೆದವರೂ ಇದ್ರಂತೆ, ಹೆಂಡತಿ ತೋರಿಸ್ಲಿಲ್ಲ.

ಕೊನೆ ಶೋ ಮಂಗಳೂರಲ್ಲಿ ಆಯ್ತು. ಮರು ವಾರವೇ ಸುರೇಶ, ಪ್ರವೀಣ ಇಬ್ಬರೂ ಸೊಸೈಟಿಗೆ ಹೋಗಿ ಸರ ಬಿಡಿಸಿದ್ರು, ಟಿಕೆಟಿನ ದುಡ್ಡು ಸಾಲದೆ ಸುರೇಶ ತನ್ನ ಒಂದು ಗಿಟಾರ್ ಕೊಟ್ಟು ಬಾಕಿ ಹೊಂದಿಸಿದ್ರು, ಅದು ನಾನು ಹೇಳಿದ್ದಲ್ಲ, ಕೇಳಿದ್ದಿದ್ರೆ ಬೇಡ ಅಂತಿದ್ದೆ. ನಿದ್ದೆ ಈಗ ಪರವಾಗಿಲ್ಲ ಅಂತಾರೆ. ಕಾಗದಕ್ಕೆ ಸೈನ್ ಮಾತ್ರ ಇನ್ನೂ ಪೂರ್ತಿ ಆಗಿಲ್ಲ. ಒಂದು ಹಾಡಿನ ಧಾಟಿ ನನ್ನ ಅಜ್ಜಿಯ ಪಾಡ್ದನದ್ದು, ಸುರೇಶಣ್ಣನದ್ದು ಹೇಗೆ ಆಗ್ತದೆ ಅಂತ ಬೇಸ್ ನುಡಿಸುವವ ಬೆಂಗಳೂರಿಂದ ತಕರಾರು ತೆಗೆದಿದ್ದಾನೆ. ಮಾತು ಸುಳ್ಳಲ್ಲ. ರಜೆಗೆ ಊರಿಗೆ ಬಂದಾಗ ಅವನನ್ನೂ ಕರ್ಕೊಂಡು ಬನ್ನಿ ಅಂದಿದ್ದೇನೆ.