ಓದುಗರ ಪ್ರಶ್ನೆ: ಸೋವಿಯತ್ ಕಾಲದ ಯುದ್ಧನೌಕೆಗಳಿಗೆ ರಿಪೇರಿಯೋ, ವಿದಾಯವೋ?

ಪ್ರಶ್ನೆ: ಎಲಿಫೆಂಟಾಕ್ಕೆ ಲಾಂಚಿನಲ್ಲಿ ಹೋಗುವಾಗ ಡಾಕ್‌ಯಾರ್ಡಿನ ಬಳಿ ನಿಂತಿದ್ದ ಬೂದುಬಣ್ಣದ ನೌಕೆಗಳನ್ನು ಮೊಮ್ಮಗನಿಗೆ ತೋರಿಸಿದೆ. ಸೋವಿಯತ್ ಒಕ್ಕೂಟದಿಂದ ಕೊಂಡ ನೌಕೆಗಳನ್ನು ಒಂದೊಂದಾಗಿ ಸೇವೆಯಿಂದ ಇಳಿಸುತ್ತಿದ್ದಾರೆಂದು ಪತ್ರಿಕೆಗಳಲ್ಲಿ ಓದುತ್ತೇನೆ. ಅಷ್ಟು ಗಟ್ಟಿ ಉಕ್ಕಿನ ಹಡಗುಗಳಿಗೆ ಹೊಸ ಎಂಜಿನ್, ಹೊಸ ಕ್ಷಿಪಣಿ ಹಾಕಿ ಇನ್ನೂ ಇಪ್ಪತ್ತು ವರ್ಷ ಓಡಿಸಬಾರದೇಕೆ? ನಮ್ಮ ಸೊಸೈಟಿಯಲ್ಲೂ ರಿಪೇರಿಯೋ ರೀಡೆವಲಪ್‌ಮೆಂಟೋ ಎಂದು ಇದೇ ಜಗಳ ನಡೆದಿದೆ.
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ತಮ್ಮ ಸೊಸೈಟಿಗೂ ನೌಕಾಪಡೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಟ್ಟಡ ಕೆಡವಿದಾಗ ನಿವಾಸಿಗಳು ಬಾಡಿಗೆ ಮನೆ ಹಿಡಿಯುತ್ತಾರೆ. ಯುದ್ಧನೌಕೆ ಬಾಡಿಗೆಗೆ ಸಿಗುವುದಿಲ್ಲ. (ರಷ್ಯಾದಿಂದ ಗುತ್ತಿಗೆಗೆ ಪಡೆದ ಪರಮಾಣು ಜಲಾಂತರ್ಗಾಮಿ ಐಎನ್‌ಎಸ್ ಚಕ್ರ ಇದಕ್ಕೆ ಅಪವಾದ, ಅಷ್ಟೇ.) ಆದ್ದರಿಂದ ಹಳೆಯ ನೌಕೆಯನ್ನು ಏನು ಮಾಡಬೇಕೆಂದು ತೀರ್ಮಾನಿಸುವ ಮೊದಲು ಹೊಸದು ಯಾವ ವರ್ಷ ನೀರಿಗಿಳಿಯುತ್ತದೆ ಎಂಬುದು ಖಚಿತವಾಗಿರಬೇಕು. ಆ ದಿನಾಂಕ ಕೈಯಲ್ಲಿಲ್ಲದೆ ಮಾಡುವ ರಿಪೇರಿಯಾಗಲಿ, ವಿದಾಯವಾಗಲಿ ಬರಿಯ ಜೂಜು.

ಕ್ಷಿಪಣಿ ಬದಲಿಸುವುದು ಜನ ಭಾವಿಸುವಷ್ಟು ಕಷ್ಟದ ಕೆಲಸವಲ್ಲ. ಸೋವಿಯತ್ ಕಾಶಿನ್ ವರ್ಗದ ವಿನ್ಯಾಸವನ್ನು ನಮಗಾಗಿ ಮಾರ್ಪಡಿಸಿ ಕಟ್ಟಿದ ಐದು ವಿಧ್ವಂಸಕ ನೌಕೆಗಳಲ್ಲಿ ಮೊದಲನೆಯದಾದ ಐಎನ್‌ಎಸ್ ರಜಪೂತ್ 1980ರ ಮೇ 4ರಂದು ಜಾರ್ಜಿಯಾದ ಪೋತಿ ಬಂದರಿನಲ್ಲಿ ಸೇವೆಗೆ ಸೇರಿತು. ಬ್ರಹ್ಮೋಸ್ ಹೊತ್ತ ಮೊದಲ ನೌಕೆಯೂ ಅದೇ. ಅದರ ಎರಡು ಬದಿಗಳಲ್ಲಿದ್ದ ಹಳೆಯ ಸ್ಟಿಕ್ಸ್ ವಂಶದ ಕ್ಷಿಪಣಿಗಳ ಕೆಲವು ಕೊಳವೆಗಳನ್ನು ಕಿತ್ತು, ಅದೇ ಜಾಗದಲ್ಲಿ ಬ್ರಹ್ಮೋಸ್ ಪೆಟ್ಟಿಗೆಗಳನ್ನು ಕೂರಿಸಿದರು. ಭಾರ ಇಳಿಸಿದಲ್ಲೇ ಭಾರ ಏರಿಸಿದ್ದರಿಂದ ಹಡಗಿನ ಸಮತೋಲಕ್ಕೆ ತೊಂದರೆಯಾಗಲಿಲ್ಲ.

ರೇಡಾರಿನ ಕಥೆ ಹಾಗಲ್ಲ. ಹೊಸ ರೇಡಾರ್ ಎತ್ತರದ ಕಂಬದ ಮೇಲೆ ಕೂರಬೇಕು, ಅಂದರೆ ತೂಕ ಮೇಲಕ್ಕೆ ಹೋಗುತ್ತದೆ. ಅದಕ್ಕೆ ವಿದ್ಯುತ್ ಹೆಚ್ಚು ಬೇಕು, ಅದರ ಎಲೆಕ್ಟ್ರಾನಿಕ್ ಕಪಾಟುಗಳನ್ನು ತಣ್ಣಗಿಡಲು ತಂಪು ನೀರಿನ ಕೊಳವೆಗಳು ಬೇಕು, ಇವೆಲ್ಲವುಗಳ ನಡುವೆ ಕೇಬಲ್ ಎಳೆಯಲು ನೀರು ನುಗ್ಗದಂತೆ ಕಟ್ಟಿದ ಗೋಡೆಗಳಿಗೆ ಮತ್ತೆ ರಂಧ್ರ ಕೊರೆದು ಮತ್ತೆ ಮುಚ್ಚಬೇಕು. ಹೀಗೆ ಒಂದು ಸಲಕರಣೆಯ ಬೆಲೆಗಿಂತ ಅದನ್ನು ಹಳೆಯ ಒಡಲಿಗೆ ಹೊಂದಿಸುವ ಖರ್ಚೇ ಹೆಚ್ಚಾಗುವುದು ಹಡಗು ರಿಪೇರಿಯವರಿಗೆ ಹೊಸ ಸಂಗತಿಯೇನಲ್ಲ.

ಇನ್ನು ತಾವು ಹೇಳಿದ ಗಟ್ಟಿ ಉಕ್ಕು. ದೂರದಿಂದ ಲಾಂಚಿನಲ್ಲಿ ಕಾಣುವುದು ಬಣ್ಣ. ಉಕ್ಕು ಕಾಣಬೇಕಾದರೆ ಹಡಗು ಡ್ರೈ ಡಾಕಿಗೆ, ಅಂದರೆ ನೀರು ಖಾಲಿಮಾಡುವ ಕಟ್ಟೆಗೆ, ಬರಬೇಕು. ಅಲ್ಲಿ ಪಾಚಿ, ಕಪ್ಪೆಚಿಪ್ಪು, ಬಣ್ಣ ಎಲ್ಲವನ್ನೂ ಕೆರೆದು ತೆಗೆದು, ಶಬ್ದತರಂಗದ ಉಪಕರಣವನ್ನು ಗೇಣುಗೇಣಿಗೆ ಒತ್ತಿ ಪ್ಲೇಟಿನ ದಪ್ಪ ಅಳೆಯುತ್ತಾರೆ, ಸವೆದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಚೌಕ ಬರೆಯುತ್ತಾರೆ. ಸಮುದ್ರದ ನೀರು ಹೊರಗಿನಿಂದ ತಿನ್ನುತ್ತದೆ ಎಂದುಕೊಳ್ಳುವವರಿಗೆ ಅಚ್ಚರಿಯಾಗಬಹುದು, ಹೆಚ್ಚು ಹಾಳಾಗಿರುವುದು ಬಹಳ ಸಲ ಒಳಗಿನಿಂದ: ಬಚ್ಚಲುಗಳ ಕೆಳಗೆ, ಅಡುಗೆಮನೆಯ ಕೆಳಗೆ, ಎಂಜಿನ್ ಕೋಣೆಯ ತಳದಲ್ಲಿ ಎಣ್ಣೆ ಬೆರೆತ ನೀರು ನಿಲ್ಲುವ ಕಡೆ. ಅಲ್ಲಿಗೆ ಕೈ ಹೋಗಬೇಕಾದರೆ ಮೇಲಿರುವ ಪೈಪು, ಪಂಪು, ಕೇಬಲ್ ಎಲ್ಲವನ್ನೂ ಬಿಚ್ಚಬೇಕು. ಆರು ತಿಂಗಳೆಂದು ಆರಂಭವಾದ ರಿಫಿಟ್ (ದೊಡ್ಡ ರಿಪೇರಿ, ಮರುಸಜ್ಜು) ಎರಡು ವರ್ಷಕ್ಕೆ ಜಗ್ಗುವುದು ಇಂಥಲ್ಲಿಯೇ.

ರಷ್ಯನ್ನರ ಅನುಭವ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. 1986ರ ಮಾರ್ಷಲ್ ಶಾಪೊಶ್ನಿಕೊವ್ ಎಂಬ ಜಲಾಂತರ್ಗಾಮಿ ಬೇಟೆಯ ನೌಕೆಯನ್ನು 2016ರಲ್ಲಿ ವ್ಲಾಡಿವೊಸ್ಟಾಕ್‌ನಲ್ಲಿ ಕೈಗೆತ್ತಿಕೊಂಡು, ಮುಂಭಾಗದ ಎರಡು ತೋಪುಗಳಲ್ಲಿ ಒಂದನ್ನು ತೆಗೆದು, ಆ ಜಾಗದಲ್ಲಿ 16 ಕಲಿಬರ್ ಕ್ಷಿಪಣಿಗಳಿಗೆ ನೆಟ್ಟನೆಯ ಕೊಳವೆಗಳನ್ನು ಇಳಿಸಿ, 2021ರಲ್ಲಿ ಹಿಂದಿರುಗಿಸಿದರು. ಒಡಲು ದೊಡ್ಡದಿತ್ತು, ಬೇಡಿಕೆ ಮಿತವಾಗಿತ್ತು, ಕೆಲಸ ಮುಗಿಯಿತು. ಇದಕ್ಕೆ ವಿರುದ್ಧವಾಗಿ, ಅಡ್ಮಿರಲ್ ನಖಿಮೊವ್ ಎಂಬ ಪರಮಾಣು ಚಾಲಿತ ಕ್ರೂಸರನ್ನು 1999ರಲ್ಲಿ ರಿಪೇರಿಗೆ ಕಟ್ಟಿಹಾಕಿದವರು ಆಧುನೀಕರಣದ ಒಪ್ಪಂದ ಮಾಡಿದ್ದು 2013ರಲ್ಲಿ, 2018ಕ್ಕೆ ಕೊಡುತ್ತೇವೆಂದದ್ದು ಸಮುದ್ರ ಪರೀಕ್ಷೆಗೆ ಹೊರಟದ್ದು 2025ರಲ್ಲಿ. ಹಳೆಯ ಹಡಗಿಗೆ ಎಲ್ಲವನ್ನೂ ಹೊಸದಾಗಿ ಹಾಕುತ್ತೇವೆಂದು ಹೊರಟವರು ಹೊಸ ಹಡಗಿಗಿಂತ ಹೆಚ್ಚು ಕಾಲ ಕಳೆದ ಕಥೆಯಿದು.

ಆದ್ದರಿಂದ ಹೊಸ ನೌಕೆಗೆ ಒಪ್ಪಂದವಾಗಿ ಕೆಲಸ ನಡೆದಿರುವಾಗ, ಅದು ಬರುವವರೆಗಿನ ಹತ್ತು ವರ್ಷಕ್ಕೆ ಸಾಲುವಷ್ಟು ಮಾತ್ರ ಹಳೆಯದನ್ನು ಆಧುನೀಕರಿಸುವುದು ಸರಿಯೆಂಬುದು ನನ್ನ ಅಭಿಪ್ರಾಯ. ರಜಪೂತ್ ವರ್ಗದಲ್ಲಿ ಹೆಚ್ಚುಕಡಿಮೆ ಹೀಗೆಯೇ ನಡೆಯಿತು. 2019ರಲ್ಲಿ ರಣಜಿತ್, 41 ವರ್ಷ ದುಡಿದು 2021ರಲ್ಲಿ ರಜಪೂತ್ ಸೇವೆಯಿಂದ ಇಳಿದವು. ಅದೇ 2021ರ ನವೆಂಬರಿನಲ್ಲಿ ನಮ್ಮ ಮಝಗಾಂವ್ ಡಾಕ್ ಕಟ್ಟಿದ ವಿಶಾಖಪಟ್ಟಣಂ, ಮರುವರ್ಷ ಮೊರ್ಮುಗಾವ್, ಬಳಿಕ ಇಂಫಾಲ್, 2025ರ ಜನವರಿಯಲ್ಲಿ ಸೂರತ್ ಎಂಬ ಹೊಸ ವಿಧ್ವಂಸಕ ನೌಕೆಗಳು ಸೇರ್ಪಡೆಯಾದವು. ಒಂದೊಂದರಲ್ಲೂ 16 ಬ್ರಹ್ಮೋಸ್ ಇವೆ, ವಾಯುರಕ್ಷಣೆಗೆ 32 ಕ್ಷಿಪಣಿಗಳಿವೆ. ಸುಮಾರು 5,000 ಟನ್ನಿನ ರಜಪೂತ್‌ಗೆ ಬೇಕಾದಷ್ಟೇ, ಅಂದರೆ ಸುಮಾರು 300 ಸಿಬ್ಬಂದಿ, 7,400 ಟನ್ನಿನ ಈ ನೌಕೆಗೂ ಸಾಕು. ಹಳೆಯದಕ್ಕೆ ಎಷ್ಟು ಹಣ ಸುರಿದರೂ ಈ ಲೆಕ್ಕ ಸಮನಾಗದು.

ಪ್ರಶ್ನೆ: 2013ರಲ್ಲಿ ಸಿಂಧುರಕ್ಷಕ್ ಜಲಾಂತರ್ಗಾಮಿ, 2022ರಲ್ಲಿ ರಜಪೂತ್ ವರ್ಗದ ರಣವೀರ್. ಎರಡೂ ಸ್ಫೋಟಗಳು ಮುಂಬೈ ಡಾಕ್‌ಯಾರ್ಡಿನಲ್ಲೇ ಆದವು. ವಯಸ್ಸಾದ ನೌಕೆಗಳನ್ನು ಇಟ್ಟುಕೊಂಡದ್ದೇ ಕಾರಣವಲ್ಲವೆ?
— ಓದುಗರೊಬ್ಬರು, ಘಾಟ್ಕೋಪರ್

ಉತ್ತರ: ಹಾಗೆಂದು ಹೇಳಿಬಿಡುವುದು ಸುಲಭ, ಆದರೆ ಸಲ್ಲದು. ಹದಿನೆಂಟು ಜನರನ್ನು ಬಲಿ ಪಡೆದ ಸಿಂಧುರಕ್ಷಕ್ 1997ರಲ್ಲಿ ಸೇವೆಗೆ ಸೇರಿದ್ದು. ದುರಂತಕ್ಕೆ ಕೆಲವೇ ತಿಂಗಳ ಮೊದಲು ರಷ್ಯಾದಲ್ಲಿ ದೊಡ್ಡ ರಿಫಿಟ್ ಮುಗಿಸಿ ಮರಳಿತ್ತು. ರಣವೀರ್ 1986ರ ನೌಕೆ ನಿಜ. ಆದರೆ ಮೂವರು ನಾವಿಕರು ಸತ್ತ ಆ ಸ್ಫೋಟಕ್ಕೆ ಹಡಗಿನ ವಯಸ್ಸೇ ಕಾರಣವೆಂದು ಸಾಕ್ಷ್ಯವಿಲ್ಲದೆ ಆರೋಪಿಸಲಾಗದು.

ಪ್ರಶ್ನೆ: ಉಕ್ರೇನಿನ ಯುದ್ಧಕ್ಕೂ ನಮ್ಮ ಹಡಗುಗಳ ಎಂಜಿನ್ನಿಗೂ ಸಂಬಂಧವಿದೆ ಎನ್ನುತ್ತಾರೆ. ನೌಕೆ ರಷ್ಯಾದ್ದಲ್ಲವೆ?
— ಓದುಗರೊಬ್ಬರು, ಮುಲುಂಡ್

ಉತ್ತರ: ಸೋವಿಯತ್ ಎಂದರೆ ರಷ್ಯಾ ಎಂದುಕೊಳ್ಳುವ ನಮ್ಮ ಅಭ್ಯಾಸವೇ ಇಲ್ಲಿ ಗೊಂದಲದ ಮೂಲ. ರಜಪೂತ್ ಕಟ್ಟಿದ ಊರು ಇಂದು ಉಕ್ರೇನಿನಲ್ಲಿರುವ ಮಿಕೊಲೈವ್, ಅಂದಿನ ನಿಕೊಲಾಯೆವ್. 2022ರ ಏಪ್ರಿಲ್ 14ರಂದು ಕಪ್ಪು ಸಮುದ್ರದಲ್ಲಿ ಮುಳುಗಿದ ರಷ್ಯದ ಮಾಸ್ಕ್ವಾ ಕ್ರೂಸರ್ ಹುಟ್ಟಿದ್ದೂ ಅಲ್ಲೇ. (ಅದಕ್ಕೆ ತನ್ನ ನೆಪ್ಚೂನ್ ಕ್ಷಿಪಣಿ ಬಡಿಯಿತೆಂದು ಉಕ್ರೇನ್ ಹೇಳಿತು, ಒಳಗೆ ಬೆಂಕಿ ಬಿತ್ತೆಂದು ರಷ್ಯಾ ಹೇಳಿತು.) ಈ ನೌಕೆಗಳ ಎಂಜಿನ್ನಾದ ಗ್ಯಾಸ್ ಟರ್ಬೈನ್ ತಯಾರಿಸುವ ಜೋರ್ಯಾ ಕಾರ್ಖಾನೆಯೂ ಆ ಊರಿನದೇ. ಹಳೆಯವು ಹಾಗಿರಲಿ, ನಮ್ಮ ಹೊಸ ವಿಶಾಖಪಟ್ಟಣಂ ವರ್ಗಕ್ಕೂ ಟರ್ಬೈನ್ ಬಂದದ್ದು ಅಲ್ಲಿಂದ.

2014ರಲ್ಲಿ ಕ್ರಿಮಿಯಾವನ್ನು ರಷ್ಯಾ ವಶಪಡಿಸಿಕೊಂಡ ಮೇಲೆ ಉಕ್ರೇನ್ ರಷ್ಯಾಕ್ಕೆ ಟರ್ಬೈನ್ ಕೊಡುವುದನ್ನು ನಿಲ್ಲಿಸಿತು. ಕಲಿನಿನ್‌ಗ್ರಾಡ್‌ನಲ್ಲಿ ಅರ್ಧ ಕಟ್ಟಿದ ರಷ್ಯಾದ ಫ್ರಿಗೇಟುಗಳು, ಅಂದರೆ ಮಧ್ಯಮ ಗಾತ್ರದ ಯುದ್ಧನೌಕೆಗಳು, ಎಂಜಿನ್ನಿಲ್ಲದೆ ನಿಂತವು. ಅವುಗಳಲ್ಲಿ ಎರಡನ್ನು ಭಾರತ 2018ರಲ್ಲಿ ಕೊಂಡು, ಟರ್ಬೈನುಗಳನ್ನು ತಾನೇ ಉಕ್ರೇನಿನಿಂದ ಖರೀದಿಸಿ ರಷ್ಯಾಕ್ಕೆ ಒಪ್ಪಿಸಿತು. ಜಗಳವಾಡುವ ಇಬ್ಬರ ನಡುವೆ ನಿಂತು ಕಟ್ಟಿಸಿದ ಆ ನೌಕೆಗಳೇ 2024ರ ಡಿಸೆಂಬರಿನಲ್ಲಿ ಬಂದ ತುಶಿಲ್ ಮತ್ತು 2025ರ ಜುಲೈಯಲ್ಲಿ ಬಂದ ತಮಾಲ್. ಹಳೆಯ ನೌಕೆಗೆ ಇಪ್ಪತ್ತು ವರ್ಷ ಆಯುಸ್ಸು ಕೂಡಿಸುವವರು ಅದರ ಬಿಡಿಭಾಗಗಳನ್ನು ಇಪ್ಪತ್ತು ವರ್ಷ ಯಾರು ಕೊಡುತ್ತಾರೆಂದೂ ಹೇಳಬೇಕು. ಯುದ್ಧ ನಡೆಯುತ್ತಿರುವ ಊರಿನ ಕಾರ್ಖಾನೆಯನ್ನು ನಂಬಿ ಹಾಗೆ ಹೇಳುವುದು ಕಷ್ಟ.

ಪ್ರಶ್ನೆ: ನಾನು ಮೂಲತಃ ಅಂಕೋಲಾದವನು, ಕಾರವಾರ ನೌಕಾನೆಲೆಯ ಸೀಬರ್ಡ್ ಯೋಜನೆಗೆ ನಮ್ಮ ಕಡೆಯವರ ಜಮೀನು ಹೋಯಿತು. ಅಲ್ಲಿ ನೆಲೆಸಿರುವ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ನಮಗೆ ಪುಕ್ಕಟೆ ಸಿಕ್ಕಿತೆನ್ನುತ್ತಾರೆ, ಸಾವಿರಾರು ಕೋಟಿ ಸುರಿದೆವೆಂದೂ ಹೇಳುತ್ತಾರೆ. ಯಾವುದು ನಿಜ?
— ಓದುಗರೊಬ್ಬರು, ಪುಣೆ

ಉತ್ತರ: ಎರಡೂ ನಿಜ. 1987ರಲ್ಲಿ ಬಾಕು ಎಂಬ ಹೆಸರಿನಿಂದ ಸೋವಿಯತ್ ನೌಕಾಪಡೆ ಸೇರಿ, ಅಡ್ಮಿರಲ್ ಗೊರ್ಶ್ಕೊವ್ ಎಂದು ಮರುನಾಮಕರಣಗೊಂಡು, 1996ರಲ್ಲಿ ಮೂಲೆ ಸೇರಿದ್ದ ಆ ನೌಕೆಯ ಒಡಲಿಗೆ ನಾವು ಬೆಲೆ ಕೊಡಲಿಲ್ಲ. 2004ರ ಒಪ್ಪಂದದಂತೆ ಮರುಸಜ್ಜಿಗೆ 97.4 ಕೋಟಿ ಡಾಲರ್ ಎಂದಾಗಿ, 2008ಕ್ಕೆ ಕೈಸೇರಬೇಕಿತ್ತು. ಬಿಚ್ಚಿ ನೋಡಿದಾಗ ಲೆಕ್ಕ ತಪ್ಪಿತು. 2,500 ಕೋಣೆಗಳಲ್ಲಿ 1,750ನ್ನು ಹೊಸದಾಗಿಯೇ ಕಟ್ಟಬೇಕಾಯಿತು. ಬೆಲೆ ಸುಮಾರು 235 ಕೋಟಿ ಡಾಲರಿಗೆ ಏರಿತು. 2012ರ ಸಮುದ್ರ ಪರೀಕ್ಷೆಯಲ್ಲಿ ಎಂಟು ಬಾಯ್ಲರುಗಳಲ್ಲಿ ಏಳು ಕೈಕೊಟ್ಟವು, ಇನ್ನೊಂದು ವರ್ಷ ಹೋಯಿತು. ಸೇವೆಗೆ ಸೇರಿದ್ದು 2013ರ ನವೆಂಬರ್ 16ರಂದು.

ಹಾಗಿದ್ದೂ ಅದನ್ನು ತಪ್ಪು ವ್ಯಾಪಾರವೆಂದು ನಾನು ಪೂರ್ತಿಯಾಗಿ ಒಪ್ಪಲಾರೆ. ಅಂದು 45,000 ಟನ್ನಿನ ವಿಮಾನವಾಹಕವನ್ನು ಮಾರುವ ಅಂಗಡಿ ಬೇರೆ ಇರಲಿಲ್ಲ, ಸ್ವದೇಶಿ ವಿಕ್ರಾಂತ್ ಸಿದ್ಧವಾದದ್ದು 2022ರಲ್ಲಿ. ಆದರೆ ಒಡಲನ್ನು ಸರಿಯಾಗಿ ತಪಾಸಣೆ ಮಾಡದೆ ರಿಫಿಟ್ಟಿಗೆ ಬೆಲೆ ಗೊತ್ತುಮಾಡಿದ್ದು ಅಕ್ಷಮ್ಯ.

ಪ್ರಶ್ನೆ: ಗೋವಾ ಶಿಪ್‌ಯಾರ್ಡಿನಲ್ಲಿ ಮೈನು ತೆಗೆಯುವ ನೌಕೆಗಳನ್ನು ಕಟ್ಟುತ್ತಾರೆಂದು ಬಹಳ ವರ್ಷಗಳಿಂದ ಕೇಳುತ್ತಿದ್ದೇವೆ. ಹಳೆಯವು ಏನಾದವು?
— ಓದುಗರೊಬ್ಬರು, ವಾಸ್ಕೊ

ಉತ್ತರ: ಸಮುದ್ರದಲ್ಲಿ ಹುದುಗಿಸಿದ ಸಿಡಿಗುಂಡುಗಳನ್ನು ಹುಡುಕಿ ನಾಶಮಾಡುವ 12 ನೌಕೆಗಳು 1978ರಿಂದ 1988ರ ನಡುವೆ ಸೋವಿಯತ್ ಒಕ್ಕೂಟದಿಂದ ಬಂದಿದ್ದವು. ನಮ್ಮ ಕಾರವಾರದ ಹೆಸರು ಹೊತ್ತದ್ದೂ ಅವುಗಳಲ್ಲೊಂದು. 1986ರಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ಕಾರವಾರ 2017ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಬಾವುಟ ಇಳಿಸಿತು. 2019ರಲ್ಲಿ ಕೊನೆಯದಾದ ಕೋಝಿಕ್ಕೋಡ್ ಕೂಡ ಹೋಯಿತು. ಅಲ್ಲಿಗೆ ಈ ಕೆಲಸಕ್ಕೆಂದೇ ಕಟ್ಟಿದ ಒಂದು ನೌಕೆಯೂ ಉಳಿಯಲಿಲ್ಲ. ಮುಂಬೈ, ಮೊರ್ಮುಗಾವ್, ಕಾರವಾರದಂಥ ಬಂದರಿನ ಬಾಯಿಯಲ್ಲಿ ಕೆಲವೇ ಸಿಡಿಗುಂಡು ಹಾಕಿದರೂ ದೊಡ್ಡ ನೌಕೆಗಳು ಒಳಗೇ ಸಿಕ್ಕಿಬೀಳುತ್ತವೆ ಎಂಬುದನ್ನು ನೆನೆದರೆ ಇದರ ಗಂಭೀರತೆ ತಿಳಿದೀತು.

ಬದಲಿ ನೌಕೆಗಳ ಮೊದಲ ಖರೀದಿ ಯತ್ನ 2014ರಲ್ಲಿ ರದ್ದಾಯಿತು. ದಕ್ಷಿಣ ಕೊರಿಯಾದ ಕಂಗ್ನಾಮ್ ಕಂಪನಿಯ ತಂತ್ರಜ್ಞಾನದಿಂದ ತಮ್ಮೂರಿನ ಶಿಪ್‌ಯಾರ್ಡಿನಲ್ಲಿ ಸುಮಾರು 32,000 ಕೋಟಿ ರೂಪಾಯಿಗೆ 12 ನೌಕೆ ಕಟ್ಟುವ ಮಾತುಕತೆ 2018ರಲ್ಲಿ ಮುರಿದುಬಿತ್ತು. ಹೊಸದು ಬರುವುದಿಲ್ಲವೆಂದು ಗೊತ್ತಾದ ಆ ಹೊತ್ತಿನಲ್ಲಿ, ಒಡಲು ಚೆನ್ನಾಗಿದ್ದ ಎರಡು ಮೂರನ್ನಾದರೂ ಆರಿಸಿ ಹೊಸ ಸೋನಾರ್ (ನೀರಿನಡಿ ಶಬ್ದದಿಂದ ಹುಡುಕುವ ಸಾಧನ) ಹಾಕಿ ಉಳಿಸಿಕೊಳ್ಳಬೇಕಿತ್ತು ಎಂಬುದು ನನ್ನ ನಿಲುವು; ಹೊಸದರ ಒಪ್ಪಂದ ಕೈಯಲ್ಲಿಲ್ಲದೆ ಹಳೆಯ ನೌಕೆಗಳ ಮೇಲೆ ಹಣ ಹಾಕುವುದನ್ನು ಸಾಮಾನ್ಯವಾಗಿ ವಿರೋಧಿಸುವ ನಾನು ಇಲ್ಲಿ ಮಾತ್ರ ಅದನ್ನು ಬೆಂಬಲಿಸುತ್ತಿದ್ದೆ. 2025ರ ಜುಲೈಯಲ್ಲಿ ರಕ್ಷಣಾ ಖರೀದಿ ಮಂಡಳಿ ಈ ನೌಕೆಗಳ ಅಗತ್ಯವನ್ನು ಮತ್ತೆ ಒಪ್ಪಿಕೊಂಡಿದೆ. ಅದು ಮೊದಲ ಮೆಟ್ಟಿಲು ಮಾತ್ರ. ಬೆಲೆ, ಒಪ್ಪಂದ, ನಿರ್ಮಾಣ ಇವೆಲ್ಲ ಅದರ ನಂತರದವು.