500 ವಿಡಿಯೋ ಆಯ್ತು, ಅಂಗಳದ ಮಲ್ಲಿಗೆ ಎಲ್ಲಿ?

ಓದುಗರ ಪತ್ರ: "ದಿನಕ್ಕೆ ಐದು ಶಾರ್ಟ್ಸ್ ತನ್ನಷ್ಟಕ್ಕೇ ತಯಾರಾಗಿ ಯೂಟ್ಯೂಬಿಗೆ ಹೋಗುವ ಹಾಗೆ ಮಾಡಿದ್ದೇನೆ. ವಿಷಯ ತುಳುನಾಡಿನದ್ದು. ಸ್ಕ್ರಿಪ್ಟ್, ದನಿ, ಚಿತ್ರ ಎಲ್ಲ ಎಐದೇ. ಮೂರೂವರೆ ತಿಂಗಳಲ್ಲಿ 500 ದಾಟಿತು. ಒಂದೊಂದಕ್ಕೆ ಇನ್ನೂರು, ಮುನ್ನೂರು ವ್ಯೂ, ಅಷ್ಟೇ. ಸರ್ವಿಸ್‌ಗೆ ತಿಂಗಳು ತಿಂಗಳು ಕೊಡುವ ದುಡ್ಡು ಉಳಿಸೋಣ ಅಂತ ಈಗ ಕೆಲಸಗಳನ್ನು ಸಾಲಾಗಿ ತನ್ನಷ್ಟಕ್ಕೇ ಮಾಡಿಸುವ ತಂತ್ರಾಂಶ ಎನ್‌8ಎನ್‌ನಲ್ಲಿ ನಾನೇ ಕಟ್ಟಿಕೊಂಡೆ. ಅದರಿಂದ ಹೋದ ವಿಡಿಯೋಗಳೆಲ್ಲ ಪ್ರೈವೇಟ್ ಆಗಿಯೇ ಕೂತಿವೆ. ಕಂಬಳದ ವಿಡಿಯೋಗೆ ಜನ ಚೆನ್ನಾಗಿ ಬೈದರು. ಅಮ್ಮ ಮಲ್ಲಿಗೆ ಕಟ್ಟುತ್ತಾರೆ, ಮನೆ ನಡೆಯುವುದೇ ಅದರಲ್ಲಿ. ಅವರಿಗೆ ಸ್ವಲ್ಪ ಆಧಾರವಾಗಲಿ ಅಂತ ಶುರು ಮಾಡಿದ್ದು. ಎಲ್ಲಿ ತಪ್ಪಿದೆ ಹೇಳ್ತೀರಾ?"
ಶಂಕರಪುರ ಸಮೀಪದ ಓದುಗರು (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೊದಲು ಪ್ರೈವೇಟ್‌ನ ತಕರಾರು ಮುಗಿಸಿಬಿಡೋಣ, ಅದು ಸುಲಭದ್ದು. ನಿಮ್ಮ ಕೋಡ್‌ನಲ್ಲಿ ತಪ್ಪು ಹುಡುಕಬೇಡಿ. 2020ರ ಜುಲೈ 28ರ ನಂತರ ತೆರೆದ ಎಪಿಐ (ಹೊರಗಿನ ತಂತ್ರಾಂಶ ಯೂಟ್ಯೂಬಿಗೆ ವಿಡಿಯೋ ಕಳಿಸುವ ದಾರಿ) ಪ್ರಾಜೆಕ್ಟ್‌ಗೆ ಯೂಟ್ಯೂಬಿನ ಪರಿಶೀಲನೆ ಆಗಿಲ್ಲದಿದ್ದರೆ, ಅದರ ಮೂಲಕ ಬಂದ ವಿಡಿಯೋವನ್ನು ಅವರು ಪ್ರೈವೇಟ್ ಆಗಿಯೇ ಇಡುತ್ತಾರೆ. ನೀವು ಮೊದಲು ದುಡ್ಡು ಕೊಡುತ್ತಿದ್ದ ಸರ್ವಿಸ್ ಆ ಪರಿಶೀಲನೆ ಮುಗಿಸಿಕೊಂಡಿರಬೇಕು, ಅದಕ್ಕೇ ಅಲ್ಲಿ ಹೋಗುತ್ತಿತ್ತು. ನೀವೂ ಅರ್ಜಿ ಹಾಕಬಹುದು. ಆದರೆ ಒಬ್ಬರ ಒಂದು ಚಾನೆಲ್‌ಗೆ ಅಷ್ಟು ರಗಳೆ ಯಾಕೆ ಮಾರಾಯ್ರೆ? ತಯಾರಾದ ವಿಡಿಯೋವನ್ನು ಯೂಟ್ಯೂಬ್ ಸ್ಟುಡಿಯೋದಲ್ಲಿ ಕೈಯಲ್ಲೇ ಹಾಕಿ, ದಿನ, ಹೊತ್ತು ಕೊಟ್ಟು ಶೆಡ್ಯೂಲ್ ಮಾಡಿ. ವಾರದ್ದನ್ನೆಲ್ಲ ಭಾನುವಾರ ಒಂದೇ ಸಲ ಕೂತು ಮುಗಿಸಬಹುದು. ಹಾಕುವ ಮುಂಚೆ ನೀವೇ ಒಮ್ಮೆ ನೋಡಿದ ಹಾಗೂ ಆಯಿತು. ಈ ನೋಡುವ ಕೆಲಸದ ಬಗ್ಗೆಯೇ ನನಗೆ ಹೇಳಲಿಕ್ಕೆ ಜಾಸ್ತಿ ಇರುವುದು.

ಅದಕ್ಕೆ ಮೊದಲು ದುಡ್ಡಿನ ಲೆಕ್ಕ. ಶಾರ್ಟ್ಸ್ ದಾರಿಯಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಬೇಕು, 90 ದಿನದಲ್ಲಿ 1 ಕೋಟಿ ವ್ಯೂ ಬೇಕು. ದಿನಕ್ಕೆ ಐದರಂತೆ 90 ದಿನಕ್ಕೆ 450 ವಿಡಿಯೋ. ಅಂದರೆ ಒಂದೊಂದಕ್ಕೆ 22,000ಕ್ಕಿಂತ ಜಾಸ್ತಿ ವ್ಯೂ ಬರಬೇಕು. ನಿಮ್ಮದು ಮುನ್ನೂರು. ಆ ಮುನ್ನೂರರಲ್ಲೂ ಎಲ್ಲವೂ ಲೆಕ್ಕಕ್ಕಿಲ್ಲ. 2025ರ ಮಾರ್ಚ್ 31ರಿಂದ ವಿಡಿಯೋ ಶುರುವಾದರೆ ಸಾಕು, ಬೆರಳು ಸರಿಸಿ ಮುಂದೆ ಹೋದರೂ ಅದು ಒಂದು ವ್ಯೂ. ಪಾಲು ಕೊಡುವಾಗ ಮಾತ್ರ ನಿಜವಾಗಿ ನಿಂತು ನೋಡಿದ್ದನ್ನೇ ಎಣಿಸುತ್ತಾರೆ. ದಿನಕ್ಕೆ ಐದರ ಬದಲು ಹತ್ತು ಹಾಕಿದರೂ ಈ ಲೆಕ್ಕ ಸರಿಹೋಗುವುದಿಲ್ಲ. ಹೋಗಲಿ, ಕೋಟಿ ತಲುಪಿದಿರಿ ಅಂತಲೇ ಇಟ್ಟುಕೊಳ್ಳಿ. ಒಂದೇ ಅಚ್ಚಿನಲ್ಲಿ ರಾಶಿ ರಾಶಿ ತೆಗೆದ ವಿಡಿಯೋಗಳಿಗೆ ಪಾಲಿಲ್ಲ ಎಂಬ ನಿಯಮ ಮೊದಲೇ ಇತ್ತು. 2025ರ ಜುಲೈ 15ರಿಂದ ಅದನ್ನು ಇನ್ನೂ ಬಿಡಿಸಿ ಬರೆದಿದ್ದಾರೆ. ಎಐ ಬಳಸಬಾರದು ಅಂತ ಅದರಲ್ಲಿಲ್ಲ. ಆದರೆ ನಿಮ್ಮ 500 ಅದರ ಬಾಯಿಗೆ ನೇರ ಬೀಳುತ್ತವೆ.

ಇನ್ನು ಕಂಬಳ. ಆ ವಿಡಿಯೋ ನೋಡಿದೆ. ಓಡುವುದು ಕೋಣಗಳಲ್ಲ, ಕೊಂಬಿಗೆ ಬಣ್ಣ ಬಳಿದ ಬಿಳಿ ಎತ್ತುಗಳು! ಗದ್ದೆಯಲ್ಲಿ ನೀರೂ ಇಲ್ಲ, ಧೂಳು ಏಳುತ್ತಿದೆ. ಬೈಯದೆ ಏನು ಮಾಡುತ್ತಾರೆ? ಚಿತ್ರ ಮಾಡುವ ಎಐ ತಾನು ಜಾಸ್ತಿ ಕಂಡದ್ದನ್ನೇ ಬಿಡಿಸುತ್ತದೆ. ಅದು ಕಂಡ ರಾಶಿಯಲ್ಲಿ ನಮ್ಮ ಕೋಣಗಳು ಎಷ್ಟಿದ್ದಾವು? ಮಟ್ಟುಗುಳ್ಳದ ವಿಡಿಯೋದಲ್ಲೂ ಇದೇ ಕತೆ. ತಿಳಿಹಸಿರು ಬಣ್ಣದ ದುಂಡನೆ ಗುಳ್ಳದ ಜಾಗದಲ್ಲಿ ಉದ್ದನೆ ನೇರಳೆ ಬದನೆ ಹೊಳೆಯುತ್ತಿದೆ. ಗುತ್ತಿನ ಮನೆಯ ವಿಡಿಯೋದಲ್ಲಿ ತುಳುವಿನ 'ಇಲ್ಲ್' (ಮನೆ) ಎಂಬುದನ್ನು ಕನ್ನಡದ ದನಿ 'ಇಲ್ಲ' ಎಂದು ಓದಿಬಿಟ್ಟಿತು. ಅಷ್ಟು ದೊಡ್ಡ ಮನೆ ಇಲ್ಲವೇ ಇಲ್ಲ ಅಂದ ಹಾಗಾಯಿತು. ನಗು ಬಂತು, ಸುಳ್ಳು ಹೇಳುವುದಿಲ್ಲ. ಗೂಗಲ್ ಟ್ರಾನ್ಸ್‌ಲೇಟಿಗೆ ತುಳು ಸೇರಿದ್ದೇ 2024ರ ಜೂನ್‌ನಲ್ಲಿ. ಯಂತ್ರ ಇನ್ನೂ ಅಂಬೆಗಾಲಿಡುತ್ತಿರುವ ಭಾಷೆಯನ್ನು ಅದರ ಕೈಗೆ ಬಿಟ್ಟು ನೀವು ಮಲಗಬಾರದು, ಅಲ್ವಾ?

ಕೋಲದ ವಿಡಿಯೋಗಳನ್ನು ಮಾತ್ರ ಇವತ್ತೇ ತೆಗೆದುಬಿಡಿ. ನಿಜವಾದ ಕೋಲವನ್ನು ಮೊಬೈಲಿನಲ್ಲಿ ತೆಗೆಯುವುದಕ್ಕೇ ಎಷ್ಟೋ ಕಡೆ ಬಿಡುವುದಿಲ್ಲ. ಎಐ ತನಗೆ ತೋಚಿದ ಹಾಗೆ ದೈವದ ಮುಖ ಬರೆದರೆ ಯಾರು ಸಹಿಸುತ್ತಾರೆ? ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ನಿಮ್ಮನ್ನು ಹೀಗೆಲ್ಲ ಕೇಳುವ ನಾವು ಸಾಚಾಗಳೇನಲ್ಲ. ಕಳೆದ ವರ್ಷ ನಮ್ಮ ಪತ್ರಿಕೆಯ ಒಂದೊಂದು ಲೇಖನಕ್ಕೂ 40 ಸೆಕೆಂಡಿನ ವಿಡಿಯೋ ತನ್ನಷ್ಟಕ್ಕೇ ಆಗುವ ವ್ಯವಸ್ಥೆ ಮಾಡಿದ್ದೆವು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲವಲ್ಲ, ಆ ಬಗ್ಗೆ ಒಂದು ಲೇಖನ ಬಂತು. ಎರಡು ತಿಂಗಳು ಮನೆ ಹೇಗೆ ನಡೆಸುವುದು, ಸಾಲ ಹೇಗೆ ತೀರಿಸುವುದು ಎಂದೆಲ್ಲ ಅದರಲ್ಲಿತ್ತು. ವಿಡಿಯೋ "ಮೀನುಗಾರರಿಗೆ 61 ದಿನ ರಜಾ ಸಂಭ್ರಮ" ಎಂದು ಶುರುವಾಯಿತು. ಹಿಂದೆ ಕುಣಿಯುವ ಸಂಗೀತ, ಕಡಲ ದಡದಲ್ಲಿ ಛತ್ರಿ ಹಿಡಿದ ಪ್ರವಾಸಿಗರು. ಮರುದಿನ ಬೆಳಗ್ಗೆ ಮಲ್ಪೆಯಿಂದ ಫೋನ್. "ಎಂತ ಮಾರಾಯ್ರೆ, ನಮಗೆ ರಜೆಯಾ? ನಿಮಗೆ ಎರಡು ತಿಂಗಳು ಸಂಬಳ ಇಲ್ಲದಿದ್ದರೆ ಹೀಗೇ ಕುಣೀತೀರಾ?" ಏನು ಹೇಳಲಿ? ಲೇಖನ ಓದಿದ್ದು ಯಂತ್ರ, ವಿಡಿಯೋ ಮಾಡಿದ್ದು ಯಂತ್ರ, ಹಾಕಿದ್ದೂ ಯಂತ್ರ. ನಮ್ಮ ಕಚೇರಿಯಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. ಬೈಗುಳ ಕೇಳಲಿಕ್ಕೆ ಮಾತ್ರ ನಾನಿದ್ದೆ.

ಆವತ್ತಿನಿಂದ ನಮ್ಮಲ್ಲಿ ಕೊನೆಯ ಬಟನ್ ಒತ್ತುವುದು ಮನುಷ್ಯರೇ. ಉಳಿದ ಕೈಕೆಲಸವನ್ನು ಯಂತ್ರಕ್ಕೆ ಧಾರಾಳವಾಗಿ ಬಿಟ್ಟಿದ್ದೇವೆ. ಮಾತಿನ ನಡುವಿನ ಖಾಲಿ ಜಾಗ ಕತ್ತರಿಸುವುದು, ಅಡ್ಡ ವಿಡಿಯೋವನ್ನು ಉದ್ದಕ್ಕೆ ತಿರುಗಿಸುವುದು, ಕ್ಯಾಪ್ಶನ್‌ನ ಮೊದಲ ಕರಡು, ಇಂಗ್ಲಿಷ್ ಅನುವಾದ ಎಲ್ಲ ಅದರದ್ದೇ. ಮಾತನ್ನು ಅಕ್ಷರಕ್ಕೆ ಇಳಿಸಲು ಓಪನ್‌ಎಐಯ ವಿಸ್ಪರ್ ಪುಕ್ಕಟೆ ಸಿಗುತ್ತದೆ. ಕನ್ನಡವನ್ನೂ ಬರೆಯುತ್ತದೆ, ತಪ್ಪು ಜಾಸ್ತಿ, ತಿದ್ದಬೇಕು. ನಿಮ್ಮ ಕ್ಯಾಪ್ಶನ್‌ನಲ್ಲಿ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ನಿಂತಿದ್ದನ್ನೂ ಕಂಡೆ. 'ಕೃಷ್ಣ' ಮುರಿದು ಬಿದ್ದಿದ್ದಾನೆ. ವಿಡಿಯೋ ಜೋಡಿಸುವ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನ ಹಳೆಯ ಆವೃತ್ತಿಯಲ್ಲಿ ಅಕ್ಷರ ಬರೆಯುವ ಡ್ರಾಟೆಕ್ಸ್ಟ್ ಬಳಸಿದರೆ ಹೀಗಾಗುತ್ತದೆ. ಕ್ಯಾಪ್ಶನ್ ಅನ್ನು ಬೇರೆ ಸಬ್‌ಟೈಟಲ್ ಫೈಲ್ ಮಾಡಿ, ಸಬ್‌ಟೈಟಲ್ಸ್ ಫಿಲ್ಟರ್‌ನಿಂದ ಸೇರಿಸಿ, ಒಳ್ಳೆಯ ಕನ್ನಡ ಫಾಂಟ್ ಕೊಡಿ. ಸರಿಹೋಗುತ್ತದೆ.

ಈಗ ನನಗೆ ನಿದ್ದೆ ಕೆಡಿಸಿದ ಸಂಗತಿ. ನಿಮ್ಮ 500 ವಿಡಿಯೋಗಳ ಶೀರ್ಷಿಕೆ ಪೂರ್ತಿ ನೋಡಿದೆ. ಯಕ್ಷಗಾನ ಉಂಟು, ಪರ್ಯಾಯ ಉಂಟು, ಪಿಲಿವೇಷ ಉಂಟು, ಗೋಳಿಬಜೆಯೂ ಉಂಟು. ಮಲ್ಲಿಗೆ ಒಂದೂ ಇಲ್ಲ! ಶಂಕರಪುರದ ಪಕ್ಕ ಮನೆ, ಅಂಗಳದಲ್ಲಿ ಗಿಡ, ಜಗಲಿಯಲ್ಲಿ ಅಮ್ಮ ಬಾಳೆನಾರು ಹಿಡಿದು ಕೂತಿದ್ದಾರೆ. ನೀವು ಒಳಗೆ ಕೂತು ಎಐ ಹತ್ತಿರ ತುಳುನಾಡು ಹೇಗಿದೆ ಅಂತ ಕೇಳುತ್ತಿದ್ದೀರಿ.

800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬುದು ನಿಮಗೆ ಹುಟ್ಟಿನಿಂದ ಗೊತ್ತು. ಹೊರಗಿನವರಿಗೆ ಅದೇ ಹೊಸ ಕತೆ. ಮೊಗ್ಗು ಕೊಯ್ಯುವ ಹೊತ್ತು, ಮಳೆಗಾಲದ ನಷ್ಟ, ಮದುವೆ ಸೀಸನ್‌ನಲ್ಲಿ ಏರುವ ದರ, ಹೂವಿನ ಕಟ್ಟೆಯಲ್ಲಿ ಇಂದು ದರ ಎಷ್ಟಂತೆ ಎಂಬ ಕಾತರ. ಅಮ್ಮ ಒಪ್ಪಿದರೆ ಅವರ ಬೆರಳುಗಳನ್ನು ಮಾತ್ರ ತೆಗೆಯಿರಿ, ಮುಖ ಬೇಡ. ಅವರ ಮಾತನ್ನೇ ಹಾಗೇ ಇಡಿ. ಒಂದು ಗಂಟೆ ರೆಕಾರ್ಡ್ ಮಾಡಿದರೆ ಹತ್ತು ತುಣುಕಾದರೂ ಸಿಗುತ್ತದೆ, ಅದನ್ನು ಹೆಕ್ಕಲು ಎಐ ಬಳಸಿ.

ದಿನದ ದರಕ್ಕೆ ಮಾತ್ರ ನಿಮ್ಮ ಎನ್‌8ಎನ್ ಹೇಳಿ ಮಾಡಿಸಿದ್ದು. ಅಂಕಿ ಒಂದನ್ನು ನೀವು ಬರೆಯುವುದು, 10 ಸೆಕೆಂಡಿನ ವಿಡಿಯೋ ಅದು ಮಾಡುವುದು. ಅಂಕಿಯನ್ನು ಅದೇ ಎಲ್ಲಿಂದಲೋ ತರುವ ಹಾಗೆ ಮಾಡಬೇಡಿ. 1,200 ಇದ್ದದ್ದು 2,100 ಆದರೆ ಮದುವೆ ಮನೆಯವರು ನಿಮ್ಮ ಬಾಗಿಲಿಗೇ ಬರುತ್ತಾರೆ. ದಿನಾ ಒಂದೇ ರೀತಿ ಇರುವುದರಿಂದ ಇದಕ್ಕೆ ಯೂಟ್ಯೂಬಿನ ಪಾಲು ಸಿಗುವುದು ಕಷ್ಟ. ಸಿಗದಿದ್ದರೆ ಬೇಡ, ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿ. ಅದನ್ನು ನೋಡಿ ಮದುವೆಗೆ ಹತ್ತು ಅಟ್ಟೆಗೆ ಯಾರಾದರೂ ಹೇಳಿದರೆ, ಅಮ್ಮನಿಗೆ ಬೇಕಾದ ಆಧಾರ ಅಲ್ಲೇ ಬಂತು.

ಮರೆತೆ, ಒಂದು ನಿಯಮ. ನಿಜವೆಂದೇ ತೋರುವ ಎಐ ದೃಶ್ಯ ಹಾಕಿದರೆ ಅಪ್‌ಲೋಡ್ ಮಾಡುವಾಗ ಅದನ್ನು ತಿಳಿಸಲೇಬೇಕು. ಯೂಟ್ಯೂಬ್ 2024ರ ಮಾರ್ಚ್‌ನಿಂದ ಕೇಳುತ್ತಿದೆ. ಹಳೆಯ ವಿಡಿಯೋಗಳಲ್ಲಿ ಉಳಿಸಿಕೊಳ್ಳುವುದಿದ್ದರೆ ಅವಕ್ಕೂ ಈ ಗುರುತು ಹಾಕಿ.

ಅಂದ ಹಾಗೆ, ಒಂದು ಅಟ್ಟೆ ಕಟ್ಟಲು ನಿಮ್ಮ ಅಮ್ಮನಿಗೆ ಎಷ್ಟು ಹೊತ್ತು ಬೇಕು? ನಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.