ಕಾರಿನ ಜಿಪಿಎಸ್‌ಗೆ ಲಾಕ್ ಕೋಡ್: ಬೀಗ ಕಳ್ಳನಿಗೋ, ನಿಮಗೋ?

ಪ್ರಶ್ನೆ: ಭಟ್ಕಳದಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ದುಬೈಯಲ್ಲಿರುವ ಅಣ್ಣ ಒಂದು ಗಾರ್ಮಿನ್ ಜಿಪಿಎಸ್ ತಂದುಕೊಟ್ಟಿದ್ದಾನೆ. ಘಾಟಿಯಲ್ಲಿ ಮೊಬೈಲ್ ನೆಟ್‌ವರ್ಕ್ ಹೋದರೂ ದಾರಿ ತೋರಿಸುತ್ತದೆ, ಹಾಗಾಗಿ ಬಿಡುವ ಮನಸ್ಸಿಲ್ಲ. ಮೊನ್ನೆ ಬೀಚ್ ಹತ್ತಿರ ನಿಲ್ಲಿಸಿದ್ದ ಗೆಳೆಯನ ಕಾರಿನ ಗ್ಲಾಸ್ ಒಡೆದು ಇಂಥದ್ದೇ ಡಿವೈಸ್ ಕದ್ದರು. ಲಾಕ್ ಕೋಡ್ ಹಾಕಿದರೆ ಕಳ್ಳತನ ತಪ್ಪುತ್ತದಾ? ಕದ್ದರೂ ಅದು ಜಿಪಿಎಸ್ ಅಲ್ವಾ, ಎಲ್ಲಿದೆ ಅಂತ ಹುಡುಕಬಹುದಲ್ಲ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಹುಡುಕಲು ಆಗುವುದಿಲ್ಲ. ಜಿಪಿಎಸ್ ಉಪಗ್ರಹದ ಸಿಗ್ನಲ್ ಹಿಡಿದು ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕಿಕೊಳ್ಳುತ್ತದೆ, ಅಷ್ಟೇ. ಅದನ್ನು ಬೇರೆ ಯಾರಿಗೂ ಹೇಳುವುದಿಲ್ಲ. ಟ್ಯಾಕ್ಸಿಗಳಿಗೆ ಹಾಕಿಸುವ ಟ್ರ್ಯಾಕಿಂಗ್ ಡಿವೈಸ್ ಬೇರೆ, ಅದರೊಳಗೆ ಸಿಮ್ ಇರುತ್ತದೆ. ಮೊಬೈಲ್ ಕಳೆದುಹೋದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಕೊಟ್ಟು ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಬಹುದು. ಸಿಮ್ ಇಲ್ಲದ ನಿಮ್ಮ ಡಿವೈಸ್‌ಗೆ ಆ ದಾರಿಯೂ ಇಲ್ಲ. ಇರುವುದು 4 ಅಂಕಿಯ ಪಿನ್ ಒಂದೇ.

ಪಿನ್ ಹಾಕಿದರೆ ಕಳ್ಳತನ ತಪ್ಪುತ್ತದೆ ಅಂತ ನಾನು ಹೇಳುವುದಿಲ್ಲ. ಕಳ್ಳ ಮೊದಲು ಗ್ಲಾಸ್ ಒಡೆಯುತ್ತಾನೆ. ಪಿನ್ ಇದೆ ಅಂತ ಅವನಿಗೆ ಗೊತ್ತಾಗುವುದು ಡಿವೈಸ್ ಆನ್ ಮಾಡಿದ ಮೇಲೆ. ಅಷ್ಟರಲ್ಲಿ ನಿಮ್ಮ ಗ್ಲಾಸೂ ಹೋಯಿತು, ಡಿವೈಸೂ ಹೋಯಿತು. ಪಿನ್‌ನಿಂದ ಕೆಡುವುದು ಅವನ ವ್ಯಾಪಾರ. ಲಾಕ್ ಆದ ಡಿವೈಸ್‌ಗೆ ಯಾರೂ ದುಡ್ಡು ಕೊಡುವುದಿಲ್ಲ. ‘ಇದಕ್ಕೆ ಲಾಕ್ ಇದೆ’ ಅಂತ ಗ್ಲಾಸಿಗೆ ಸ್ಟಿಕ್ಕರ್ ಹಚ್ಚುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ. ಒಳಗೆ ಡಿವೈಸ್ ಇದೆ ಅಂತ ನಾವೇ ಕರೆದು ಹೇಳಿದಂತಾಗುತ್ತದೆ.

ಆದ್ದರಿಂದ ಮೊದಲ ಕೆಲಸ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದು. ಗೋಕರ್ಣ, ಮುರುಡೇಶ್ವರ ಅಂತ ಪ್ರವಾಸಿಗರನ್ನು ಕರೆದುಕೊಂಡು ಹೋದರೆ ಗಂಟೆಗಟ್ಟಲೆ ಗಾಡಿ ನಿಲ್ಲಿಸಬೇಕಾಗುತ್ತದೆ. ಇಳಿಯುವಾಗ ಡಿವೈಸ್ ಜೊತೆಗೆ ಅದರ ಸ್ಟ್ಯಾಂಡ್, ಚಾರ್ಜರ್ ವೈರ್ ಎರಡನ್ನೂ ತೆಗೆಯಿರಿ. ಗ್ಲಾಸಿನ ಮೇಲೆ ಸ್ಟ್ಯಾಂಡಿನ ರಬ್ಬರ್ ಕಪ್ ಕೂತ ಜಾಗದಲ್ಲಿ ಒಂದು ದುಂಡನೆಯ ಕಲೆ ಉಳಿಯುತ್ತದೆ. ಅದನ್ನು ಬಟ್ಟೆಯಿಂದ ಒರೆಸಿ. ಕರಾವಳಿಯ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಈ ಕಲೆ ಇನ್ನೂ ಎದ್ದು ಕಾಣುತ್ತದೆ. ಕಲೆ ಕಂಡರೆ ಡಿವೈಸ್ ಡ್ಯಾಶ್‌ಬೋರ್ಡ್ ಡ್ರಾಯರ್‌ನಲ್ಲೋ ಸೀಟಿನಡಿಯೋ ಇದೆ ಅಂತ ಕಳ್ಳನಿಗೆ ಅರ್ಥವಾಗುತ್ತದೆ. ಡ್ರಾಯರ್‌ನಲ್ಲಿ ಇಡುವುದಕ್ಕಿಂತ ಕಿಸೆಯಲ್ಲಿ ಇಟ್ಟುಕೊಂಡು ಹೋಗುವುದೇ ಒಳ್ಳೆಯದು.

ಇಷ್ಟೆಲ್ಲ ಮಾಡಿ ಪಿನ್ ಕೂಡ ಹಾಕಿ. ಅದಕ್ಕೆ ಇನ್ನೊಂದು ಕಾರಣವಿದೆ. ಡಿವೈಸ್‌ನಲ್ಲಿ ‘ಹೋಮ್’ ಅಂತ ಮನೆಯ ವಿಳಾಸ ಇರುತ್ತದೆ. ಗಾಡಿ ದೂರದ ಬೀಚಿನಲ್ಲಿದೆ ಎಂದರೆ ಯಜಮಾನ ಮನೆಯಲ್ಲಿಲ್ಲ ಎಂದೇ ಲೆಕ್ಕ. ಆ ಒಂದು ಬಟನ್ ಒತ್ತಿದರೆ ನಿಮ್ಮ ಅಂಗಳದ ತನಕ ದಾರಿ ತೋರಿಸುತ್ತದೆ. ಪಿನ್ ಇದ್ದರೆ ಅದು ಆಗುವುದಿಲ್ಲ. ಆದರೂ ಹೋಮ್ ಅಂತ ಮನೆಯ ಬದಲು ಹತ್ತಿರದ ಪೆಟ್ರೋಲ್ ಬಂಕನ್ನೋ ಸರ್ಕಲನ್ನೋ ಇಡಿ. ಅಲ್ಲಿಂದ ಮನೆಗೆ ದಾರಿ ನಿಮಗೆ ಗೊತ್ತೇ ಇದೆ.

ಪಿನ್ ಯಾವುದು ಇಡಬೇಕು? ನಮ್ಮಲ್ಲಿ ಹೆಚ್ಚಿನವರು ಇಡುವುದು ಗಾಡಿ ನಂಬರಿನ ಕೊನೆಯ 4 ಅಂಕಿ. ಕೆಎ 30 ಇರಲಿ, ಕೆಎ 47 ಇರಲಿ, ಅದು ಬಂಪರ್ ಮೇಲೆ ದೊಡ್ಡದಾಗಿ ಬರೆದೇ ಇದೆ. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. 1234, ಹುಟ್ಟಿದ ವರ್ಷ ಕೂಡ ಬೇಡ.

ಗಾರ್ಮಿನ್ ಲಾಕ್ ಆನ್ ಮಾಡುವಾಗ ಪಿನ್ ಜೊತೆ ಒಂದು ‘ಸೆಕ್ಯುರಿಟಿ ಲೊಕೇಶನ್’ ಕೇಳುತ್ತದೆ. ಮುಂದೆ ಪಿನ್ ಮರೆತರೆ ಡಿವೈಸನ್ನು ಆ ಜಾಗಕ್ಕೆ ತೆಗೆದುಕೊಂಡು ಹೋಗಿ ಸಿಗ್ನಲ್ ಸಿಗುವ ತನಕ ಕಾದರೆ ತಾನಾಗಿ ತೆರೆದುಕೊಳ್ಳುತ್ತದೆ. ಆ ಜಾಗದಲ್ಲಿ ಆಕಾಶ ಚೆನ್ನಾಗಿ ಕಾಣಬೇಕು. ದಟ್ಟ ಅಡಿಕೆ ತೋಟದ ನಡುವಿನ ಮನೆ, ಶೀಟ್ ಹಾಕಿದ ಶೆಡ್, ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗ್ ಇದಕ್ಕೆ ಆಗಿಬರುವುದಿಲ್ಲ. ಬಯಲಿನಲ್ಲಿ ನಿಂತು ಸೆಟ್ ಮಾಡಿ. ಅದು ಮನೆಯೇ ಆಗಬೇಕೆಂದಿಲ್ಲ, ನೀವು ಆಗಾಗ ಹೋಗುವ ಜಾಗ ಆದರೆ ಸಾಕು.

ಇನ್ಶೂರೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾವು ಆಮೇಲೆ ತಂದು ಇಟ್ಟ ಎಲೆಕ್ಟ್ರಾನಿಕ್ ಸಾಮಾನು ಪಾಲಿಸಿಯಲ್ಲಿ ತಾನಾಗಿ ಸೇರುವುದಿಲ್ಲ. ಅದನ್ನು ಬರೆಸಿ, ಜಾಸ್ತಿ ಪ್ರೀಮಿಯಂ ಕಟ್ಟಿರಬೇಕು. ಒಡೆದ ಗ್ಲಾಸಿಗೆ ಕ್ಲೈಮ್ ಮಾಡಬಹುದು ನಿಜ. ಆದರೆ ಕ್ಲೈಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗಬಹುದು. ಅದು 20 ಶೇಕಡಾದಿಂದ ಶುರುವಾಗಿ 50 ಶೇಕಡಾ ತನಕ ಏರಿರುತ್ತದೆ. ಬಾಗಿಲಿನ ಒಂದು ಗ್ಲಾಸಿಗಾಗಿ ಅದನ್ನು ಕಳೆದುಕೊಳ್ಳಬೇಕಾ ಅಂತ ಲೆಕ್ಕ ಹಾಕಿ ನೋಡಿ.

ಪ್ರಶ್ನೆ: ಅಂಕೋಲೆಗೆ ವರ್ಗವಾಗಿ ಬಂದೆ. ಗಾರ್ಮಿನ್‌ನ ಪಿನ್ ಮರೆತುಹೋಗಿದೆ. ಸೆಕ್ಯುರಿಟಿ ಲೊಕೇಶನ್ ಹುಬ್ಬಳ್ಳಿಯಲ್ಲಿದ್ದ ಬಾಡಿಗೆ ಮನೆ. ಈಗ ಅಲ್ಲಿ ಬೇರೆಯವರಿದ್ದಾರೆ. ಏನು ಮಾಡಲಿ?

ಉತ್ತರ: ಅರಬೈಲು ಘಾಟಿ ಹತ್ತಿ ಹುಬ್ಬಳ್ಳಿಗೆ ಒಮ್ಮೆ ಹೋಗಿಬನ್ನಿ, ಬೇರೇನಿಲ್ಲ. ಯಾರ ಮನೆಯ ಬಾಗಿಲನ್ನೂ ತಟ್ಟಬೇಕಿಲ್ಲ. ಮನೆ ಎದುರಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಸೆಟ್ ಮಾಡಿದ್ದರೆ ಅಲ್ಲೇ ನಿಂತರೆ ಆಯಿತು. ತೆರೆದ ಕೂಡಲೇ ಲೊಕೇಶನ್ ಅಂಕೋಲೆಗೆ ಬದಲಾಯಿಸಿ. ಮನೆ ಬದಲಿಸುವವರು ಗ್ಯಾಸ್ ಕನೆಕ್ಷನ್ ಬದಲಿಸುವಾಗಲೇ ಇದನ್ನೂ ನೆನಪಿಟ್ಟುಕೊಳ್ಳಬೇಕು. ಹೋಗಲು ಆಗುವುದೇ ಇಲ್ಲ ಅಂದರೆ ಖರೀದಿಯ ಬಿಲ್ ಹುಡುಕಿ, ಕಂಪನಿಯ ಸಹಾಯ ಕೇಂದ್ರವನ್ನು ಕೇಳಿ. ಟಾಮ್‌ಟಾಮ್ ಕಂಪನಿಯ ಜಿಪಿಎಸ್ ಇದ್ದವರೂ ಬಿಲ್ ಜೋಪಾನ ಮಾಡಿ.

ಪ್ರಶ್ನೆ: ಶಿರಸಿಯಲ್ಲಿ ಕಾರಿನ ಬ್ಯಾಟರಿ ಬದಲಾಯಿಸಿದೆವು. ಆಮೇಲೆ ಸ್ಟೀರಿಯೊ ಕೋಡ್ ಕೇಳುತ್ತಿದೆ. ಮೆಕ್ಯಾನಿಕ್ ಏನೇನೋ ಒತ್ತಿ ನೋಡಿದ, ಈಗ ಅದು ಯಾವುದಕ್ಕೂ ಜಗ್ಗುತ್ತಿಲ್ಲ. ಸೆಟ್ ಹಾಳಾಯಿತಾ?

ಉತ್ತರ: ಹಾಳಾಗಿಲ್ಲ. ಕೆಲವು ಕಾರುಗಳ ಸೆಟ್‌ಗೆ ಕರೆಂಟ್ ಪೂರ್ತಿ ಕಡಿದರೆ ತನ್ನನ್ನು ಯಾರೋ ಕಿತ್ತಿದ್ದಾರೆ ಅಂತ ತಿಳಿದು ಲಾಕ್ ಆಗುತ್ತದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿದರೂ ಹಾಗೇ. ಸುಮ್ನೆ ಅಂದಾಜಿಗೆ ಒತ್ತಬೇಡಿ. ಹಳೆಯ ಫೋಕ್ಸ್‌ವ್ಯಾಗನ್, ಸ್ಕೋಡಾ ಸೆಟ್‌ಗಳಲ್ಲಿ 2 ಸಲ ತಪ್ಪಿದರೆ ‘ಸೇಫ್’ ಅಂತ ತೋರಿಸಿ ಸುಮಾರು 1 ಗಂಟೆ ಏನನ್ನೂ ಒಪ್ಪುವುದಿಲ್ಲ. ಸೆಟ್ ಆನ್ ಇಟ್ಟು ಕಾಯಬೇಕು. ಹೋಂಡಾದಲ್ಲಿ 10 ಸಲ ತಪ್ಪಿದರೆ 1 ಗಂಟೆ. ಕೋಡ್ ಸಾಮಾನ್ಯವಾಗಿ ಓನರ್ ಮ್ಯಾನುಯಲ್ ಜೊತೆ ಬಂದ ಕಾರ್ಡಿನಲ್ಲಿರುತ್ತದೆ. ಇಲ್ಲವಾದರೆ ಆರ್‌ಸಿ ಹಿಡಿದು ಶೋರೂಮಿಗೆ ಹೋಗಿ, ಸೆಟ್‌ನ ಸೀರಿಯಲ್ ನಂಬರ್ ನೋಡಿ ಅವರು ಕೋಡ್ ಕೊಡುತ್ತಾರೆ. ಸಿಕ್ಕ ಮೇಲೆ ಮನೆಯಲ್ಲಿ ಬರೆದಿಡಿ. ಕಾರಿನೊಳಗೆ ಬೇಡ.

ಪ್ರಶ್ನೆ: ಕಾರವಾರದಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ ಜಿಪಿಎಸ್ ಬಹಳ ಅಗ್ಗಕ್ಕೆ ಕೊಡುತ್ತಾರಂತೆ. ಪಿನ್ ಕೇಳುತ್ತದೆ, ‘ಯಾರಾದರೂ ತೆಗೆದುಕೊಡುತ್ತಾರೆ’ ಅನ್ನುತ್ತಾರೆ. ತಗೊಳ್ಳಬಹುದಾ?

ಉತ್ತರ: ಬೇಡ. ತನ್ನದೇ ಡಿವೈಸ್ ಆಗಿದ್ದರೆ ಪಿನ್ ಅವರಿಗೇ ಗೊತ್ತಿರಬೇಕಿತ್ತು. ನಿಮ್ಮೆದುರು ಪಿನ್ ಹಾಕಿ ಲಾಕ್ ಆಫ್ ಮಾಡಿಕೊಟ್ಟು, ಬಾಕ್ಸಿನ ಸೀರಿಯಲ್ ನಂಬರ್ ಡಿವೈಸಿನದಕ್ಕೆ ಸರಿಹೊಂದಿ, ಬಿಲ್ಲೂ ಇದ್ದರೆ ಆಗ ಯೋಚಿಸಿ. ಕದ್ದ ಮಾಲು ಅಂತ ಗೊತ್ತಿದ್ದು ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು. ಇಷ್ಟು ಅನುಮಾನ ಬಂದ ಮೇಲೂ ಕೊಂಡು ‘ನನಗೆ ಗೊತ್ತಿರಲಿಲ್ಲ’ ಎಂದರೆ ನಂಬುವವರು ಕಡಿಮೆ. ಮೇಲಾಗಿ ಪಿನ್ ತೆಗೆಯಲು ಕಂಪನಿಯ ಬಳಿ ಹೋದರೆ ಅವರು ಕೇಳುವುದು ಖರೀದಿಯ ಬಿಲ್ಲನ್ನೇ.